ಪೇಸ್‌ಮೇಕರ್ ಕಡೆಯ ಕೈ ಊದಿದರೆ: ರಕ್ತನಾಳದ ಅಪರೂಪದ ತೊಂದರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಕ್ಲಿನಿಕ್ ನಡೆಸುತ್ತೇನೆ. ಹೃದಯದ ಸ್ಪೆಷಲಿಸ್ಟ್ ಅಲ್ಲ, ಜ್ವರ ಕೆಮ್ಮು ನೋಡುವ ಡಾಕ್ಟರ್. ನಮ್ಮ ಕಡೆಯವರು ಪೇಸ್‌ಮೇಕರ್ ಹಾಕಿಸಿಕೊಳ್ಳಲು ಮಣಿಪಾಲಕ್ಕೋ, ಮಂಗಳೂರಿಗೋ, ಬೆಂಗಳೂರಿಗೋ ಹೋಗುತ್ತಾರೆ. ಎರಡು ಮೂರು ದಿನದಲ್ಲಿ ವಾಪಸ್ ಬರುತ್ತಾರೆ. ಆಮೇಲಿನ ಅನುಮಾನಗಳೆಲ್ಲ ನನ್ನ ಟೇಬಲ್ ಮೇಲೆ ಬೀಳುತ್ತವೆ. ಹೆಚ್ಚಿನವು ಸಣ್ಣವು: ಮೊಬೈಲ್ ಯಾವ ಕಿವಿಗೆ ಹಿಡಿಯಬೇಕು, ಮಿಕ್ಸಿ ಹಾಕಬಹುದಾ, ಮೆಟಲ್ ಡಿಟೆಕ್ಟರ್ ದಾಟಬಹುದಾ. ಅವಕ್ಕೆ ಉತ್ತರ ಎಲ್ಲ ಕಡೆ ಸಿಗುತ್ತದೆ. ರಕ್ತನಾಳಕ್ಕೆ ಆಗುವ ತೊಂದರೆಗಳ ಬಗ್ಗೆ ಕೇಳುವವರು ಕಡಿಮೆ, ಕೇಳಿದಾಗ ವಿವರಿಸಲು ತುಂಬ ಹೊತ್ತು ಹಿಡಿಯುತ್ತದೆ. ಅದಕ್ಕೇ ಬರೆದಿಟ್ಟೆ.

ಇದನ್ನು ಓದಿ ಪೇಸ್‌ಮೇಕರೇ ಬೇಡ ಅಂದುಬಿಡಬೇಡಿ. ಹೃದಯದ ಬಡಿತ ನಿಮಿಷಕ್ಕೆ 30ಕ್ಕೆ ಇಳಿದು, ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬೀಳುವವರಿಗೆ ಅದು ಬೇಕೇ ಬೇಕು.

ಯಂತ್ರ ಹಾಕೋದು ಹೃದಯಕ್ಕೆ ತಾನೇ? ರಕ್ತನಾಳದ ಮಾತು ಎಲ್ಲಿಂದ ಬಂತು?

ಯಂತ್ರ ಹೃದಯದಲ್ಲಿ ಕೂರುವುದಿಲ್ಲ. ಇಪ್ಪತ್ತು ಮೂವತ್ತು ಗ್ರಾಂ ತೂಕದ ಚಪ್ಪಟೆ ಪೆಟ್ಟಿಗೆ ಅದು. ಕಾಲರ್ ಬೋನ್ ಕೆಳಗೆ, ಚರ್ಮದ ಅಡಿಯಲ್ಲಿ ಒಂದು ಕಿಸೆಯಂತೆ ಮಾಡಿ ಅದರೊಳಗೆ ಇಡುತ್ತಾರೆ. ಬಲಗೈ ಬಳಸುವವರಿಗೆ ಸಾಮಾನ್ಯವಾಗಿ ಎಡಗಡೆ. ಅಲ್ಲಿಂದ ಒಂದೋ ಎರಡೋ ತಂತಿ, ಒಂದೊಂದೂ ಸುಮಾರು 2 ಮಿಲಿಮೀಟರ್ ದಪ್ಪ, ರಕ್ತನಾಳದ ಒಳಗಿಂದಲೇ ಹೃದಯದ ಬಲಭಾಗಕ್ಕೆ ಹೋಗುತ್ತದೆ. ಕೈಯಿಂದ ರಕ್ತ ವಾಪಸ್ ತರುವ ನಾಳ ಕಾಲರ್ ಬೋನ್ ಹಿಂದೆ ಹಾಯ್ದು ಎದೆಯೊಳಗೆ ಇಳಿಯುತ್ತದೆ. ಎಡದ್ದೂ ಬಲದ್ದೂ ಕೂಡಿ ಒಂದು ದೊಡ್ಡ ನಾಳವಾಗಿ ಹೃದಯಕ್ಕೆ ಸೇರುತ್ತದೆ, ಎರಡು ಹಳ್ಳ ಕೂಡಿ ಹೊಳೆಯಾದ ಹಾಗೆ. ಆ ದೊಡ್ಡ ನಾಳಕ್ಕೆ ಡಾಕ್ಟರುಗಳು ಎಸ್‌ವಿಸಿ ಅನ್ನುತ್ತಾರೆ. ತಂತಿ ಇರುವುದು ಈ ದಾರಿಯಲ್ಲೇ, ಹಗಲೂ ರಾತ್ರಿ, ವರ್ಷಗಟ್ಟಲೆ.

ಶಾಲೆಯಲ್ಲಿ ಅಪಧಮನಿ, ಅಭಿಧಮನಿ ಅಂತ ಕಲಿತಿದ್ದೀರಲ್ಲ? ಒಂದಕ್ಷರದ ವ್ಯತ್ಯಾಸದಲ್ಲಿ ಎಷ್ಟು ಮಕ್ಕಳ ಮಾರ್ಕ್ಸ್ ಹೋಗಿದೆಯೋ! ಇಲ್ಲಿ ಸುಲಭ ಮಾಡಿಕೊಳ್ಳೋಣ. ಹೃದಯದಿಂದ ಜೋರಾಗಿ ರಕ್ತ ತರುವ, ಮಿಡಿಯುವ ನಾಳ ಅಪಧಮನಿ. ರಕ್ತವನ್ನು ಮೆಲ್ಲಗೆ ವಾಪಸ್ ಒಯ್ಯುವ, ಮಿಡಿಯದ ನಾಳ ಅಭಿಧಮನಿ. ತಂತಿ ಹೋಗಬೇಕಾದ್ದು ಅಭಿಧಮನಿಯಲ್ಲಿ. ಕಾಲರ್ ಬೋನ್ ಹತ್ತಿರ ಎರಡೂ ಅಕ್ಕಪಕ್ಕ ಮಲಗಿರುತ್ತವೆ, ಕೆಳಗೇ ಶ್ವಾಸಕೋಶದ ತುದಿ. ಮುಂದೆ ಹೇಳುವ ತೊಂದರೆಗಳಲ್ಲಿ ಅರ್ಧ ಈ ಇಕ್ಕಟ್ಟಿನಿಂದ ಬರುವಂಥವು. ಉಳಿದರ್ಧ, ತಂತಿ ವರ್ಷಗಟ್ಟಲೆ ನಾಳದ ಗೋಡೆಗೆ ಉಜ್ಜಿ ಉಜ್ಜಿ ಆಗುವಂಥವು.

ಮೊಟ್ಟಮೊದಲ ರೋಗಿಗೆ ಈ ತಾಪತ್ರಯವೇ ಇರಲಿಲ್ಲ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬವರಿಗೆ ಪೇಸ್‌ಮೇಕರ್ ಕೂರಿಸಿದಾಗ ಎದೆ ತೆರೆದು ತಂತಿಯನ್ನು ಹೃದಯದ ಹೊರಮೈಗೇ ಹೊಲಿದಿದ್ದರು. ಆ ಯಂತ್ರ ಒಂದು ದಿನವೂ ಪೂರ್ತಿ ನಡೆಯಲಿಲ್ಲ. ಆದರೆ ಆ ಮನುಷ್ಯ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಾಯಿಸಿಕೊಂಡು 2001ರವರೆಗೆ ಬದುಕಿದರು, ತಮಗೆ ಆಪರೇಷನ್ ಮಾಡಿದ ಓಕೆ ಸೆನ್ನಿಂಗ್ ಅವರಿಗಿಂತ ಹೆಚ್ಚು ಕಾಲ. ಆಮೇಲೆ ಎದೆ ಕೊಯ್ಯುವ ಕಷ್ಟ ತಪ್ಪಿಸಲು ರಕ್ತನಾಳದ ದಾರಿ ಬಂತು. ಅದರ ಜೊತೆಗೆ ಈ ತೊಂದರೆಗಳೂ ಬಂದವು.

ಅಪರೂಪ ಅಂದರೆ ಎಷ್ಟು ಅಪರೂಪ?

ಇಲ್ಲಿ ಒಂದು ವಿಚಿತ್ರ ಇದೆ. ಪೇಸ್‌ಮೇಕರ್ ಇರುವವರ ಕೈಗೆ ಬಣ್ಣದ ಔಷಧಿ ಕೊಟ್ಟು ಎಕ್ಸ್‌ರೇಯಲ್ಲಿ ನಾಳ ನೋಡಿದರೆ, ಮೂವರಲ್ಲಿ ಒಬ್ಬರಿಗಾದರೂ ನಾಳ ಸ್ವಲ್ಪ ಕಿರಿದಾಗಿರುತ್ತದೆ. ಕೆಲವರಿಗೆ ಪೂರ್ತಿ ಮುಚ್ಚಿಯೇ ಹೋಗಿರುತ್ತದೆ. ಆದರೆ ಅವರಿಗೆ ಅದು ಗೊತ್ತೇ ಇರುವುದಿಲ್ಲ. ದೊಡ್ಡ ದಾರಿ ಕಟ್ಟಿದರೆ ರಕ್ತ ಪಕ್ಕದ ಸಣ್ಣ ದಾರಿಗಳನ್ನು ಅಗಲ ಮಾಡಿಕೊಂಡು ಹೋಗುತ್ತದೆ. ಘಾಟಿ ಬಂದ್ ಆದಾಗ ನಾವು ಒಳದಾರಿ ಹುಡುಕುವುದಿಲ್ಲವೇ, ಹಾಗೆ.

ಕೈ ಊದುವುದು, ನೋವು ಬರುವುದು ನೂರರಲ್ಲಿ ಒಬ್ಬರಿಂದ ಮೂವರಿಗೆ. ಎಸ್‌ವಿಸಿ ಕಟ್ಟಿ ಮುಖ ಊದುವುದು ಸಾವಿರದಲ್ಲಿ ಒಬ್ಬರಿಗಿಂತಲೂ ಕಡಿಮೆ. ಅಪಧಮನಿಗೆ ಗಾಯವಾಗಿ ಗಂಟು ಕಟ್ಟುವುದು ಇನ್ನೂ ಅಪರೂಪ. ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಒಂದೇ ಒಂದು.

ಪೇಸ್‌ಮೇಕರ್ ಹಾಕಿದ ಕಡೆಯ ಕೈ ಊದಿದೆ. ಗಾಯದ ಊತ ಇರಬಹುದಾ?

ಮೊದಲ ನಾಲ್ಕೈದು ದಿನ ಹೊಲಿಗೆಯ ಸುತ್ತ ಊತ, ನೋವು ಇದ್ದೇ ಇರುತ್ತದೆ. ಅದು ಎದೆಯ ಮೇಲೆ, ಕಿಸೆಯ ಜಾಗದಲ್ಲಿ. ಕೈ ಊದುವುದು ಬೇರೆ ಮಾತು. ತೋಳು, ಮುಂಗೈ, ಬೆರಳು ಊದಿ, ಬಳೆ ಬಿಗಿಯಾಗಿ, ಉಂಗುರ ತೆಗೆಯಲು ಬಾರದೆ, ಕೈ ಭಾರ ಅನ್ನಿಸಿ, ಬಣ್ಣ ಸ್ವಲ್ಪ ನೀಲಿ ಅಥವಾ ಕೆಂಪು ಕಪ್ಪಾಗಿ ಕಂಡರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತಲೇ ಮೊದಲು ಯೋಚಿಸಬೇಕು. ಹೆಚ್ಚಾಗಿ ಇದು ಆಪರೇಷನ್ ಆದ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಬರುತ್ತದೆ. ಮನೆಯವರು ಆಪರೇಷನ್ ಮಾತು ಮರೆತಿರುವ ಹೊತ್ತು ಅದು. ಹಾಗಾಗಿ ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಡಾಕ್ಟರಿಗೂ ಹೊಳೆಯದೆ ಹೋಗಬಹುದು. ನನ್ನದೇ ಕಥೆ ಹೇಳುತ್ತೇನೆ. ಅಡಿಕೆ ಕೊಯ್ಲಿನ ಸಮಯ. ಅರವತ್ತು ದಾಟಿದ ಒಬ್ಬ ಹೆಂಗಸು ಬಂದರು. ಎಡಗೈ ಊದಿತ್ತು. "ಮೂರು ದಿನ ಕೂತು ಅಡಿಕೆ ಸುಲಿದೆ ಮಾರಾಯ್ರೇ, ಅದಕ್ಕೇ ಇರಬೇಕು" ಅಂದರು. ನಾನೂ ಹೌದು ಅಂದುಕೊಂಡು ನೋವಿನ ಮಾತ್ರೆ ಬರೆದು ಕಳಿಸಿದೆ. ಸೆರಗು ಮುಚ್ಚಿದ್ದರಿಂದ ಪೇಸ್‌ಮೇಕರಿನ ಗುರುತು ಕಾಣಲಿಲ್ಲ, ನಾನು ಕೇಳಲೂ ಇಲ್ಲ. ನಾಲ್ಕು ದಿನ ಬಿಟ್ಟು ಸೊಸೆ ಕರೆದುಕೊಂಡು ಬಂದಳು. ಕೈ ಇನ್ನೂ ದಪ್ಪ ಆಗಿತ್ತು. "ಅತ್ತೆಗೆ ಎರಡು ತಿಂಗಳ ಹಿಂದೆ ಬ್ಯಾಟರಿ ಹಾಕಿದ್ದಾರೆ, ಅದನ್ನು ಹೇಳಿದ್ರಾ?" ಅಂತ ಅವಳೇ ಕೇಳಿದಳು. ಸ್ಕ್ಯಾನ್ ಮಾಡಿಸಿದಾಗ ಕಂಕುಳಿನಿಂದ ಕಾಲರ್ ಬೋನ್ ತನಕ ಹೆಪ್ಪು. ಔಷಧಿಯಲ್ಲಿ ವಾಸಿಯಾಯಿತು, ಪುಣ್ಯ. ಅವತ್ತಿನಿಂದ ಒಂದು ಕೈ ಮಾತ್ರ ಊದಿ ಬಂದವರ ಭುಜದ ಕೆಳಗೆ ನೋಡದೆ ನಾನು ಚೀಟಿ ಬರೆಯುವುದಿಲ್ಲ.

ಊತ ಇದೆಯೋ ಇಲ್ಲವೋ ಅನುಮಾನವಾದರೆ ಟೈಲರ್ ಟೇಪ್ ತಗೊಳ್ಳಿ. ಎರಡೂ ತೋಳುಗಳ ಸುತ್ತಳತೆಯನ್ನು ಮೊಣಕೈಯಿಂದ ಒಂದೇ ದೂರದಲ್ಲಿ ಅಳೆಯಿರಿ. ಬಲಗೈ ಸಹಜವಾಗಿ ಅರ್ಧ, ಒಂದು ಸೆಂಟಿಮೀಟರ್ ಜಾಸ್ತಿ ಇರಬಹುದು. ಪೇಸ್‌ಮೇಕರ್ ಕಡೆಯದು ಎರಡು ಸೆಂಟಿಮೀಟರ್ ಜಾಸ್ತಿ ಇದ್ದರೆ, ಅಥವಾ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಕಾಯಬೇಡಿ. ಅಳತೆ ಸರಿಯಾಗಿ ಕಂಡರೂ ಕೈ ನೀಲಿ ಆಗಿದ್ದರೆ ತೋರಿಸಲೇಬೇಕು.

ನಂಜು ಆಗಿದೆ ಅಂತ ಬದನೆಕಾಯಿ ಬಿಟ್ಟು ಕೂರುವುದರಿಂದ ನಷ್ಟವೇನಿಲ್ಲ, ಆದರೆ ಅದರಿಂದ ಹೆಪ್ಪು ಕರಗುವುದೂ ಇಲ್ಲ. ಉಳುಕು ಅಂತ ಎಣ್ಣೆ ಹಚ್ಚಿ ನೀವಿಸುವುದು ಮಾತ್ರ ಖಂಡಿತ ಬೇಡ.

ಯಾವ ಪರೀಕ್ಷೆ ಮಾಡಿಸಬೇಕು? ತಂತಿ ತೆಗೆಸಬೇಕಾಗುತ್ತಾ?

ಮೊದಲು ಕೈಯ ಡಾಪ್ಲರ್ ಸ್ಕ್ಯಾನ್. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿನ ಥರದ್ದೇ, ನೋವಿಲ್ಲ, ಸೂಜಿ ಇಲ್ಲ. ಅದಕ್ಕೊಂದು ಮಿತಿ ಇದೆ. ಕಾಲರ್ ಬೋನ್ ಹಿಂದಿನ ತುಂಡು ನಾಳ ಎಲುಬಿನ ಮರೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ಕೈ ಊದಿದ್ದೂ ಡಾಪ್ಲರ್ ನಾರ್ಮಲ್ ಅಂತ ಬಂದರೆ ಅಷ್ಟಕ್ಕೇ ಬಿಡಬಾರದು. ಬಣ್ಣದ ಔಷಧಿ ಕೊಟ್ಟು ಸಿಟಿ ಸ್ಕ್ಯಾನ್ ಮಾಡುತ್ತಾರೆ. ಅದಕ್ಕೆ ಮುಂಚೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ, ನೋಡಿಕೊಳ್ಳುತ್ತಾರೆ.

ಹೆಪ್ಪು ಇದೆ ಅಂತಾದರೆ ರಕ್ತ ತೆಳು ಮಾಡುವ ಔಷಧಿ. ಕನಿಷ್ಠ ಮೂರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ತಂತಿ ಸರಿಯಾಗಿ ಕೆಲಸ ಮಾಡುತ್ತಿದ್ದು, ಸೋಂಕಿಲ್ಲದಿದ್ದರೆ ತೆಗೆಯುವುದಿಲ್ಲ. ಈ ಮಾತಿಗೆ ಜನ ಬೆಚ್ಚಿಬೀಳುತ್ತಾರೆ. "ಮುಳ್ಳು ಒಳಗೇ ಬಿಟ್ಟು ಕಾಲು ವಾಸಿ ಆಗ್ತದಾ?" ಅಂತ ಒಬ್ಬ ಅಜ್ಜ ಕೇಳಿದ್ದರು. ಪ್ರಶ್ನೆ ಚೆನ್ನಾಗಿದೆ. ಆದರೆ ತಂತಿ ಮುಳ್ಳಲ್ಲ. ಅದನ್ನು ಕೀಳುವ ಅಪಾಯ ಹೆಪ್ಪಿನ ಅಪಾಯಕ್ಕಿಂತ ದೊಡ್ಡದು. ಔಷಧಿ ಹೆಪ್ಪು ಬೆಳೆಯದಂತೆ ತಡೆಯುತ್ತದೆ, ದೇಹ ನಿಧಾನವಾಗಿ ಅದನ್ನು ಕರಗಿಸುತ್ತದೆ, ಜೊತೆಗೆ ಒಳದಾರಿಗಳು ತೆರೆದುಕೊಳ್ಳುತ್ತವೆ.

ವಾರ್ಫರಿನ್ ಕೊಟ್ಟರೆ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಪರೀಕ್ಷೆ ಆಗಾಗ ಬೇಕು, ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಸೊಪ್ಪು ತಿನ್ನಬಾರದು ಅಂತಲ್ಲ. ಒಂದು ವಾರ ದಿನಾ ಬಸಳೆ, ಮುಂದಿನ ವಾರ ಸೊಪ್ಪೇ ಇಲ್ಲ ಅಂತ ಮಾಡಬಾರದು, ಒಂದೇ ಹದದಲ್ಲಿರಲಿ. ಈಗ ಅಪಿಕ್ಸಬಾನ್, ರಿವರಾಕ್ಸಬಾನ್ ಥರದ ಮಾತ್ರೆಗಳಿಗೆ ಈ ಪರೀಕ್ಷೆಯ ರಗಳೆ ಇಲ್ಲ. ಆದರೆ ಹೃದಯದಲ್ಲಿ ಲೋಹದ ಕವಾಟ ಇರುವವರಿಗೆ ಅವು ಆಗುವುದಿಲ್ಲ, ವಾರ್ಫರಿನ್ನೇ ಗತಿ. ಇವು ಯಾವುದರ ಜೊತೆಗೂ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಹೊಟ್ಟೆಯಲ್ಲಿ ರಕ್ತ ಸೋರಬಹುದು.

ಕೈಯ ಹೆಪ್ಪು ಶ್ವಾಸಕೋಶಕ್ಕೆ ಹೋಗುತ್ತಾ?

ಹೋಗಬಹುದು. ಕಾಲಿನ ಹೆಪ್ಪಿಗಿಂತ ಕಡಿಮೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕಫದಲ್ಲಿ ರಕ್ತ ಕಂಡರೆ 108ಕ್ಕೆ ಫೋನ್ ಮಾಡಿ. ಬೆಳಗಿನ ಬಸ್ಸಿಗೆ ಕಾಯುವ ವಿಷಯ ಅಲ್ಲ.

ಮುಖ, ಕುತ್ತಿಗೆ ಊದುತ್ತದೆ. ಬಗ್ಗಿದರೆ ತಲೆ ಸಿಡಿದ ಹಾಗಾಗುತ್ತದೆ. ಇದೂ ತಂತಿಯಿಂದಲೇ?

ಇರಬಹುದು. ಮೊದಲು ಹೇಳಿದ ಹೊಳೆಯೇ, ಅಂದರೆ ಎಸ್‌ವಿಸಿಯೇ, ಕಟ್ಟಿಕೊಂಡರೆ ಎರಡೂ ಕೈ, ಕುತ್ತಿಗೆ, ತಲೆಯಿಂದ ರಕ್ತ ಇಳಿಯಲು ದಾರಿ ಇರುವುದಿಲ್ಲ. ಇದು ಸಾಮಾನ್ಯವಾಗಿ ವರ್ಷಗಳ ಮೇಲೆ ನಿಧಾನವಾಗಿ ಬರುತ್ತದೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಶರ್ಟಿನ ಮೇಲಿನ ಗುಂಡಿ ಹಾಕಲು ಆಗುವುದಿಲ್ಲ. ಕಸ ಗುಡಿಸಲು ಬಗ್ಗಿದರೆ ಮುಖಕ್ಕೆ ರಕ್ತ ನುಗ್ಗಿದಂತೆ. ಅಂಗಾತ ಮಲಗಲು ಕಷ್ಟ, ಎರಡು ದಿಂಬು ಬೇಕು. ಕುತ್ತಿಗೆಯಲ್ಲಿ ನರ ಉಬ್ಬಿರುತ್ತದೆ. (ನಮ್ಮಲ್ಲಿ ರಕ್ತನಾಳಕ್ಕೂ ನರ ಅಂತಲೇ ಹೇಳುವುದು, ಅದನ್ನೇ ಇಟ್ಟುಕೊಳ್ಳೋಣ.)

ಕಿಡ್ನಿ ತೊಂದರೆಯಲ್ಲೂ ಮುಖ ಊದುತ್ತದೆ, ಥೈರಾಯ್ಡಿನಲ್ಲೂ ಊದುತ್ತದೆ, ಎದೆಯೊಳಗಿನ ಗಡ್ಡೆಯಿಂದಲೂ ಊದುತ್ತದೆ. ಪೇಸ್‌ಮೇಕರ್ ಇದೆ ಅಂದ ಮಾತ್ರಕ್ಕೆ ಅದೇ ಕಾರಣ ಅಂತ ತೀರ್ಮಾನಿಸಬಾರದು. ಸಿಟಿ ಸ್ಕ್ಯಾನ್ ಬೇಕು. ಕಾಲು ಊದದೆ ಬರೀ ಮೇಲ್ಭಾಗ ಊದಿದ್ದರೆ ಅನುಮಾನ ಎಸ್‌ವಿಸಿ ಕಡೆಗೆ ವಾಲುತ್ತದೆ.

ಚಿಕಿತ್ಸೆ ಹಂತ ಹಂತವಾಗಿ. ಹೊಸ ಹೆಪ್ಪಾದರೆ ಔಷಧಿ. ನಾಳ ಗಟ್ಟಿಯಾಗಿ ಕಿರಿದಾಗಿದ್ದರೆ ಬಲೂನ್ ಹಾಕಿ ಅಗಲಿಸುವುದು, ಸ್ಟೆಂಟ್ (ನಾಳ ತೆರೆದಿಡುವ ಬಲೆಯಂಥ ಕೊಳವೆ) ಇಡುವುದು. ಸ್ಟೆಂಟಿನ ವಿಷಯದಲ್ಲಿ ಒಂದು ಸಿಕ್ಕು ಇದೆ. ತಂತಿ ಇರುವಾಗಲೇ ಸ್ಟೆಂಟ್ ಇಟ್ಟು ಅರಳಿಸಿದರೆ ತಂತಿ ನಾಳದ ಗೋಡೆಗೂ ಸ್ಟೆಂಟಿಗೂ ನಡುವೆ ಸಿಕ್ಕಿಬೀಳುತ್ತದೆ. ಮುಂದೆಂದಾದರೂ ಸೋಂಕಾಗಿ ತಂತಿ ತೆಗೆಯಬೇಕಾದರೆ ದೊಡ್ಡ ಆಪರೇಷನ್ನೇ ಆಗಬೇಕು. ಅದಕ್ಕಾಗಿ ಅನುಭವ ಇರುವ ಕಡೆ ಮೊದಲು ಹಳೆ ತಂತಿ ತೆಗೆದು, ಸ್ಟೆಂಟ್ ಇಟ್ಟು, ಅದರೊಳಗಿಂದ ಹೊಸ ತಂತಿ ಹಾಕುವುದುಂಟು. ಯಾವುದು ಸರಿ ಎಂಬುದು ರೋಗಿಯ ವಯಸ್ಸು, ತಂತಿಯ ವಯಸ್ಸು ಎರಡರ ಮೇಲೂ ನಿಂತಿದೆ. "ತಂತಿಯನ್ನು ಏನು ಮಾಡ್ತೀರಿ?" ಅಂತ ಸ್ಟೆಂಟಿಗೆ ಮುಂಚೆ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಎದೆಯ ಮೇಲೆ ನೀಲಿ ನರಗಳು ಬಳ್ಳಿಯಂತೆ ಕಾಣುತ್ತವೆ. ಆದರೆ ಏನೂ ತೊಂದರೆ ಇಲ್ಲ.

ಅವೇ ಒಳದಾರಿಗಳು. ಊತ, ನೋವು ಇಲ್ಲದಿದ್ದರೆ ಗಾಬರಿ ಬೇಡ. ಮುಂದಿನ ಚೆಕಪ್‌ನಲ್ಲಿ ತೋರಿಸಿ. ಹೊಸ ತಂತಿ ಸೇರಿಸುವ ಮಾತು ಬಂದರಂತೂ ಇದನ್ನು ಹೇಳಲೇಬೇಕು. ಆ ಕಡೆಯ ನಾಳ ಮುಚ್ಚಿರುವ ಸಾಧ್ಯತೆ ಇದೆ.

ಕಾಲರ್ ಬೋನ್ ಕೆಳಗೆ ಗಂಟು ಎದ್ದಿದೆ, ಬೆರಳಿಟ್ಟರೆ ಡಬ್ ಡಬ್ ಅನ್ನುತ್ತದೆ.

ಇದನ್ನು ಇವತ್ತೇ ತೋರಿಸಿ. ಅಭಿಧಮನಿ ಹುಡುಕುವಾಗ ಸೂಜಿ ಪಕ್ಕದ ಅಪಧಮನಿಗೆ ತಾಗುವುದು ಆಗೀಗ ಆಗುತ್ತದೆ. ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ರಕ್ತ ಕೆಂಪಾಗಿ ಚಿಮ್ಮುತ್ತದೆ. ಸೂಜಿ ತೆಗೆದು ಒತ್ತಿ ಹಿಡಿದರೆ ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ. ಎಲ್ಲೋ ಒಬ್ಬರಿಗೆ ಆ ತೂತು ಪೂರ್ತಿ ಮುಚ್ಚದೆ ರಕ್ತ ಹೊರಗೆ ಬಂದು, ಸುತ್ತಲಿನ ಮಾಂಸವೇ ಗೋಡೆಯಾಗಿ ಒಂದು ಚೀಲ ಕಟ್ಟುತ್ತದೆ. ಪ್ರತಿ ಬಡಿತಕ್ಕೂ ಆ ಚೀಲ ಮಿಡಿಯುತ್ತದೆ. ಡಾಕ್ಟರುಗಳ ಮಾತಿನಲ್ಲಿ ಸೂಡೋ ಅನ್ಯೂರಿಸಮ್. ಅದು ದಿನಗಳಲ್ಲೂ ಕಾಣಬಹುದು, ವಾರಗಳ ಮೇಲೂ ಕಾಣಬಹುದು. ಕೈಗೆ ಹೋಗುವ ನಿಜವಾದ ನರಗಳನ್ನು ಒತ್ತಿದರೆ ಬೆರಳು ಜುಂ ಅನ್ನುತ್ತವೆ, ಹಿಡಿತ ಸೋಲುತ್ತದೆ.

ಅದರ ಅಣ್ಣ ಇನ್ನೊಂದಿದೆ. ಸೂಜಿ ಎರಡೂ ನಾಳಗಳನ್ನು ದಾಟಿ ಹೋಗಿ, ಅಪಧಮನಿಗೂ ಅಭಿಧಮನಿಗೂ ನಡುವೆ ಕಿಂಡಿ ಬೀಳುವುದು. ಜೋರಿನ ರಕ್ತ ನೇರವಾಗಿ ಮೆತ್ತಗಿನ ನಾಳಕ್ಕೆ ನುಗ್ಗುತ್ತದೆ. ಕೈಯಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಅದುರುತ್ತದೆ. ದೊಡ್ಡದಾದರೆ ಹೃದಯಕ್ಕೆ ಕೆಲಸ ಜಾಸ್ತಿಯಾಗಿ ಉಸಿರು ಕಟ್ಟಲು ಶುರುವಾಗುತ್ತದೆ.

ಎರಡಕ್ಕೂ ಈಗ ಒಳ್ಳೆಯ ಚಿಕಿತ್ಸೆ ಇದೆ. ಕಾಲಿನ ಅಥವಾ ಕೈಯ ಅಪಧಮನಿಯಿಂದ ಒಳಗೆ ಹೋಗಿ, ಬಟ್ಟೆ ಹೊದಿಸಿದಂಥ ಸ್ಟೆಂಟ್ ಇಟ್ಟು ತೂತು ಮುಚ್ಚುತ್ತಾರೆ. ಕೆಲವಕ್ಕೆ ಆಪರೇಷನ್ ಬೇಕಾಗುತ್ತದೆ. ಮಾಡಬಾರದ್ದು ಒಂದೇ: ಕುರು ಅಂತ ತಿಳಿದು ಶಾಖ ಕೊಡುವುದು, ಹಿಂಡುವುದು, ಯಾರ ಹತ್ತಿರವಾದರೂ ಕೊಯ್ಯಿಸುವುದು. ಪೇಸ್‌ಮೇಕರ್ ಹತ್ತಿರದ ಯಾವ ಗಂಟಿಗೂ ಬೆರಳಿಟ್ಟು ಮಿಡಿಯುತ್ತದಾ ನೋಡದೆ ಸೂಜಿ ಹಾಕಬಾರದು. ಇದು ನನ್ನಂಥ ಊರ ಡಾಕ್ಟರುಗಳಿಗೆ ಹೇಳಿಕೊಂಡ ಮಾತು.

ಬ್ಯಾಟರಿ ಜಾಗ ಕಪ್ಪಾಗಿ ಊದಿದೆ. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಲಾ?

ನೀವಾಗಿ ನಿಲ್ಲಿಸಬೇಡಿ. ಕಿಸೆಯಲ್ಲಿ ರಕ್ತ ಸೇರುವುದು ಈ ಪಟ್ಟಿಯಲ್ಲಿ ಅಷ್ಟೇನೂ ಅಪರೂಪದ್ದಲ್ಲ. ಚರ್ಮ ಕಪ್ಪು ನೀಲಿಯಾಗಿ, ಎರಡು ವಾರದಲ್ಲಿ ಹಳದಿಗೆ ತಿರುಗಿ ಮಾಯವಾಗುತ್ತದೆ. ಚರ್ಮ ಬಿಗಿಯಾಗಿ ಹೊಳೆಯುತ್ತಿದ್ದರೆ, ನೋವು ಏರುತ್ತಿದ್ದರೆ, ಹೊಲಿಗೆಯಿಂದ ಜಿನುಗುತ್ತಿದ್ದರೆ ಆಸ್ಪತ್ರೆಗೆ ಹೋಗಬೇಕು. ಸಿರಿಂಜಿನಲ್ಲಿ ಎಳೆಸುವುದು ತಪ್ಪು, ಒಳಗೆ ಸೋಂಕು ಹೊಕ್ಕುತ್ತದೆ. ಕಿಸೆಯಲ್ಲಿ ದೊಡ್ಡದಾಗಿ ರಕ್ತ ಸೇರಿದವರಲ್ಲಿ ಮುಂದೆ ಸೋಂಕಾಗುವ ಅಪಾಯ ಏಳು ಪಟ್ಟಿನಷ್ಟು ಜಾಸ್ತಿ ಎಂದು ಅಧ್ಯಯನಗಳಲ್ಲಿ ಕಂಡಿದೆ.

ಹಿಂದೆಲ್ಲ ಆಪರೇಷನ್ನಿಗೆ ವಾರ್ಫರಿನ್ ನಿಲ್ಲಿಸಿ ನಡುವೆ ಹೆಪಾರಿನ್ ಅನ್ನುವ, ಅದೂ ರಕ್ತ ತೆಳು ಮಾಡುವ, ಇಂಜೆಕ್ಷನ್ ಕೊಡುತ್ತಿದ್ದರು. ಅದೇ ಸುರಕ್ಷಿತ ಅಂತ ಎಲ್ಲರ ನಂಬಿಕೆ. 2013ರಲ್ಲಿ ಬ್ರೂಸ್ ಕಂಟ್ರೋಲ್ ಅನ್ನುವ ಅಧ್ಯಯನ ಬಂತು. 681 ರೋಗಿಗಳು. ವಾರ್ಫರಿನ್ ನಿಲ್ಲಿಸದೆ ಮುಂದುವರಿಸಿದವರಲ್ಲಿ ತೊಂದರೆ ಕೊಡುವಷ್ಟು ರಕ್ತ ಸೇರಿದ್ದು 3.5 ಶೇಕಡಾ, ಹೆಪಾರಿನ್ ಕೊಟ್ಟವರಲ್ಲಿ 16 ಶೇಕಡಾ. ನಂಬಿಕೆ ತಲೆಕೆಳಗಾಯಿತು. ನಿಮ್ಮ ಡಾಕ್ಟರ್ "ಮಾತ್ರೆ ನಿಲ್ಲಿಸಬೇಡಿ, ಹಾಗೇ ಬನ್ನಿ" ಅಂದರೆ ಅದು ಅಜಾಗ್ರತೆ ಅಲ್ಲ.

ತಂತಿ ತಪ್ಪಾಗಿ ಹೃದಯದ ಎಡಭಾಗಕ್ಕೆ ಹೋಗಬಹುದಾ?

ತೀರಾ ಅಪರೂಪ, ಆದರೆ ಆಗಿದ್ದುಂಟು. ಎರಡು ದಾರಿ. ಸೂಜಿ ಅಪಧಮನಿಯಲ್ಲಿದ್ದದ್ದು ಗೊತ್ತಾಗದೆ ತಂತಿ ಅಲ್ಲಿಂದಲೇ ಇಳಿಯುವುದು ಒಂದು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಸಣ್ಣ ಕಿಂಡಿಯಿಂದ ದಾಟುವುದು ಇನ್ನೊಂದು. ಆ ಕಿಂಡಿ ಹುಟ್ಟುವಾಗ ಎಲ್ಲರಿಗೂ ಇರುತ್ತದೆ, ದೊಡ್ಡವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ.

ಎಡಭಾಗದಲ್ಲಿ ತಂತಿ ಇದ್ದರೆ ಅದರ ಮೇಲೆ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕಲ್ಲ, ಮಿದುಳಿಗೆ ಹೋಗುತ್ತದೆ. ಅಂದರೆ ಪಾರ್ಶ್ವವಾಯು. ಪತ್ತೆ ಹಚ್ಚಲು ದೊಡ್ಡ ಯಂತ್ರ ಬೇಡ. ಇಸಿಜಿಯಲ್ಲಿ ಪೇಸ್‌ಮೇಕರ್ ಬಡಿತದ ಆಕಾರ ಬೇರೆ ಥರ ಕಾಣುತ್ತದೆ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ತಂತಿ ಎದೆಗೂಡಿನ ಮುಂಭಾಗಕ್ಕೆ ಬರುವ ಬದಲು ಬೆನ್ನಿನ ಕಡೆಗೆ ಬಾಗಿರುತ್ತದೆ. ನೇರ ಎಕ್ಸ್‌ರೇ ಒಂದರಲ್ಲಿ ಇದು ತಪ್ಪಿಹೋಗಬಹುದು. ಡಿಸ್ಚಾರ್ಜ್‌ಗೆ ಮುಂಚೆ ನೇರ, ಪಕ್ಕ ಎರಡೂ ಎಕ್ಸ್‌ರೇ ಮತ್ತು 12 ಲೀಡಿನ ಇಸಿಜಿ ತೆಗೆಯುವುದು ಇದಕ್ಕೇ. ಬೇಗ ಗೊತ್ತಾದರೆ ತಂತಿ ಸರಿಪಡಿಸುತ್ತಾರೆ. ವರ್ಷಗಳ ಮೇಲೆ ಗೊತ್ತಾದರೆ, ಜೀವನಪರ್ಯಂತ ವಾರ್ಫರಿನ್ ಅಥವಾ ತೆಗೆಯುವ ಆಪರೇಷನ್ ಎಂದು ತೂಗಿ ನೋಡುತ್ತಾರೆ. ಹೃದಯದ ಎರಡೂ ಬದಿ ಒಟ್ಟಿಗೆ ಬಡಿಯುವಂತೆ ಮಾಡುವ, ಮೂರು ತಂತಿಯ ಸಿಆರ್‌ಟಿ ಯಂತ್ರ ಇರುವವರಿಗೆ ಒಂದು ತಂತಿ ಬೇಕೆಂದೇ ಎಡಗಡೆಗೆ ಹೋಗಿರುತ್ತದೆ. ಅವರು ಇದನ್ನು ಓದಿ ಹೆದರಬೇಡಿ.

"ನಿಮ್ಮ ರಕ್ತನಾಳವೇ ಬೇರೆ ಥರ ಇದೆ" ಅಂದರು. ಅದೇನು?

ಗರ್ಭದಲ್ಲಿರುವಾಗ ಎಡಗಡೆಯೂ ಒಂದು ಎಸ್‌ವಿಸಿ ಇರುತ್ತದೆ, ಹುಟ್ಟುವ ಮುಂಚೆ ಬತ್ತಿಹೋಗುತ್ತದೆ. ಸುಮಾರು ಇನ್ನೂರು ಮುನ್ನೂರು ಜನರಲ್ಲಿ ಒಬ್ಬರಿಗೆ ಅದು ಉಳಿದುಕೊಳ್ಳುತ್ತದೆ. ಇಡೀ ಜೀವಮಾನ ಗೊತ್ತಾಗುವುದಿಲ್ಲ, ಪೇಸ್‌ಮೇಕರ್ ಹಾಕಲು ಹೊರಟಾಗ ತಂತಿ ವಿಚಿತ್ರ ದಾರಿ ಹಿಡಿದಾಗಲೇ ಗೊತ್ತು. ರೋಗವಲ್ಲ. ಆಪರೇಷನ್ ಒಂದಿಷ್ಟು ಉದ್ದವಾಗುತ್ತದೆ, ಅಥವಾ ಬಲಗಡೆಯಿಂದ ಹಾಕುತ್ತಾರೆ. ಆ ಮಾತು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರಲಿ.

ಆಪರೇಷನ್ ಮಾಡುವಾಗ "ಕೆಮ್ಮಬೇಡಿ, ಜೋರಾಗಿ ಉಸಿರೆಳೆಯಬೇಡಿ" ಅಂತಾರಲ್ಲ, ಯಾಕೆ?

ನಾಳಕ್ಕೆ ಕೊಳವೆ ಹಾಕಿರುವಾಗ ದೊಡ್ಡ ಉಸಿರೆಳೆದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಗುಳ್ಳೆ ಶ್ವಾಸಕೋಶದ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಹೇಳಿದ ಹಾಗೆ ಮಾಡಿದರೆ ಸಾಕು. ನಿದ್ದೆಯಲ್ಲಿ ಗೊರಕೆ ಹೊಡೆಯುವವರು ಮೊದಲೇ ಹೇಳಿಡಿ.

ಕಿಡ್ನಿ ತೊಂದರೆ ಇದೆ, ಮುಂದೆ ಡಯಾಲಿಸಿಸ್ ಆಗಬಹುದು ಅಂದಿದ್ದಾರೆ. ಈಗ ಪೇಸ್‌ಮೇಕರ್ ಹಾಕಬೇಕಂತೆ.

ಈ ಪ್ರಶ್ನೆ ಮೊದಲೇ ಕೇಳುವವರು ತುಂಬ ಕಡಿಮೆ. ಕೇಳಿದವರು ಬುದ್ಧಿವಂತರು.

ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ ಮಾಡುತ್ತಾರೆ. ಅಂದರೆ ಅಪಧಮನಿಯನ್ನು ಅಭಿಧಮನಿಗೆ ಬೇಕೆಂದೇ ಜೋಡಿಸುವುದು. ಆಗ ಆ ಕೈಯ ಅಭಿಧಮನಿಯಲ್ಲಿ ರಕ್ತ ಮಳೆಗಾಲದ ಹೊಳೆಯಂತೆ ಹರಿಯುತ್ತದೆ. ಅದೇ ಕಡೆ ಕಾಲರ್ ಬೋನ್ ಹಿಂದೆ ಪೇಸ್‌ಮೇಕರ್ ತಂತಿಯಿಂದ ನಾಳ ಕಿರಿದಾಗಿದ್ದರೆ? ಮಾಮೂಲಿ ಹರಿವಿಗೆ ಸಾಕಾಗುತ್ತಿದ್ದ ಒಳದಾರಿಗಳು ಈ ಪ್ರವಾಹಕ್ಕೆ ಸಾಲುವುದಿಲ್ಲ. ಕೈ ಆನೆಕಾಲಿನಂತೆ ಊದುತ್ತದೆ, ಚರ್ಮ ಬಿರುಕು ಬಿಡುತ್ತದೆ, ಡಯಾಲಿಸಿಸ್ ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವುದೇ ಇಲ್ಲ. ಅಷ್ಟು ಕಷ್ಟಪಟ್ಟು ಮಾಡಿಸಿದ ಫಿಸ್ಟುಲಾ ಕಟ್ಟಿ ಹಾಕಬೇಕಾದ ಸಂದರ್ಭವೂ ಬರುತ್ತದೆ.

ಅದಕ್ಕೆ ಪೇಸ್‌ಮೇಕರ್ ಒಂದು ಕಡೆ, ಫಿಸ್ಟುಲಾ ಇನ್ನೊಂದು ಕಡೆ. ಇನ್ನೂ ಒಳ್ಳೆಯದು ತಂತಿಯಿಲ್ಲದ ಪೇಸ್‌ಮೇಕರ್, ಅಥವಾ ಹೃದಯದ ಹೊರಮೈಗೆ ತಂತಿ ಹೊಲಿಯುವುದು. ಕಿಡ್ನಿ ಡಾಕ್ಟರೂ ಹೃದಯದ ಡಾಕ್ಟರೂ ಬೇರೆ ಬೇರೆ ಕಟ್ಟಡದಲ್ಲಿರುತ್ತಾರೆ, ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಕ್ರಿಯಾಟಿನಿನ್ ಏರುತ್ತಿರುವ ವಿಷಯವನ್ನು ಪೇಸ್‌ಮೇಕರ್ ಹಾಕುವವರಿಗೆ ನೀವೇ ಬಾಯಿಬಿಟ್ಟು ಹೇಳಬೇಕು.

ಆ ತಂತಿಯಿಲ್ಲದ ಪೇಸ್‌ಮೇಕರ್ ಹಾಕಿಸಿದರೆ ರಕ್ತನಾಳದ ತಾಪತ್ರಯವೇ ಇಲ್ಲ ಅಲ್ವಾ?

ಕೈಯ ನಾಳದ ತಾಪತ್ರಯ ಇಲ್ಲ. ದೊಡ್ಡ ಗುಳಿಗೆಯಷ್ಟು, ಸುಮಾರು 2 ಗ್ರಾಂ ತೂಕದ ಯಂತ್ರ ಅದು. ಮೈಕ್ರಾ ಎಂಬುದಕ್ಕೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ತೊಡೆಸಂದಿಯ ಅಭಿಧಮನಿಯಿಂದ ಒಳಗೆ ಕಳಿಸಿ ಹೃದಯದ ಬಲಗಡೆಯ ಕೆಳಕೋಣೆಯಲ್ಲೇ ಸಿಕ್ಕಿಸುತ್ತಾರೆ. ಆದರೆ ಅದನ್ನು ಒಳಗೆ ಒಯ್ಯುವ ಕೊಳವೆ ಕಿರುಬೆರಳಿನಷ್ಟು ದಪ್ಪ. ತೊಡೆಸಂದಿಯಲ್ಲಿ ರಕ್ತ ಸೇರುವುದು, ಅಪಧಮನಿಗೂ ಅಭಿಧಮನಿಗೂ ಕಿಂಡಿ ಬೀಳುವುದು ಅಲ್ಲಿಯೂ ಉಂಟು. ದುಡ್ಡೂ ಜಾಸ್ತಿ. ಎಲ್ಲರ ಹೃದಯದ ತೊಂದರೆಗೂ ಅದು ಹೊಂದುವುದಿಲ್ಲ. ಕೈಯ ನಾಳಗಳು ಮುಚ್ಚಿಹೋದವರಿಗೆ, ಡಯಾಲಿಸಿಸ್‌ನವರಿಗೆ, ಸೋಂಕಾಗಿ ಹಳೆ ಯಂತ್ರ ತೆಗೆದವರಿಗೆ ನಿಜಕ್ಕೂ ದೊಡ್ಡ ಅನುಕೂಲ.

ಬ್ಯಾಟರಿ ಮುಗಿದಾಗ ಹಳೆ ತಂತಿಗಳನ್ನೂ ತೆಗೆಸಿಬಿಡೋಣವೇ?

ಬ್ಯಾಟರಿ ಬದಲಾಯಿಸುವಾಗ ತಂತಿ ಚೆನ್ನಾಗಿದ್ದರೆ ಅದನ್ನೇ ಹೊಸ ಪೆಟ್ಟಿಗೆಗೆ ಜೋಡಿಸುತ್ತಾರೆ. ತಂತಿ ಒಂದು ವರ್ಷ ದಾಟಿದರೆ ನಾಳದ ಗೋಡೆಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಆಲದ ಮರದ ಬೇರು ಗೋಡೆಗೆ ಇಳಿದ ಹಾಗೆ. ಎಳೆದರೆ ಗೋಡೆಯೇ ಬರುತ್ತದೆ. ಲೇಸರ್ ಅಥವಾ ತಿರುಗುವ ಅಂಚಿನ ಕೊಳವೆಯಿಂದ ಬಿಡಿಸುತ್ತಾ ಹೊರತೆಗೆಯುತ್ತಾರೆ. ಅನುಭವಿಗಳ ಕೈಯಲ್ಲೂ ನೂರರಲ್ಲಿ ಒಬ್ಬಿಬ್ಬರಿಗೆ ದೊಡ್ಡ ತೊಂದರೆ ಆಗುತ್ತದೆ. ಎಸ್‌ವಿಸಿ ಹರಿದುಹೋಗುವುದು ಅದರಲ್ಲಿ ಅತಿ ಭಯಂಕರ, ನಿಮಿಷಗಳಲ್ಲಿ ಎದೆ ತೆರೆಯಬೇಕು. ಅದಕ್ಕೇ ಹೃದಯದ ಸರ್ಜನ್ ಪಕ್ಕದಲ್ಲೇ ಸಿದ್ಧರಾಗಿರುವ ಕಡೆ ಮಾತ್ರ ಇದನ್ನು ಮಾಡಿಸಬೇಕು. ಸೋಂಕು ಆಗಿದ್ದರೆ ತೆಗೆಯಲೇಬೇಕು, ಬೇರೆ ದಾರಿಯಿಲ್ಲ.

ಆ ಕೈಯಲ್ಲಿ ಬಿಪಿ ನೋಡಬಹುದಾ? ರಕ್ತ ತೆಗೆಯಬಹುದಾ?

ಗಾಯ ಮಾಗಿದ ಮೇಲೆ ಎರಡೂ ಸರಿ. ಊತ ಇದ್ದರೆ ಇನ್ನೊಂದು ಕೈ ಕೊಡಿ. ಕುತ್ತಿಗೆ ಅಥವಾ ಕಾಲರ್ ಬೋನ್ ಹತ್ತಿರ ದೊಡ್ಡ ಲೈನ್ ಹಾಕುವ ಪ್ರಸಂಗ ಬಂದರೆ ಮಾತ್ರ ಪೇಸ್‌ಮೇಕರ್ ಇಲ್ಲದ ಕಡೆ ಹಾಕಲು ಹೇಳಿ.

ಹೆಪ್ಪು ಕಟ್ಟಬಾರದು ಅಂತ ಕೈ ಅಲ್ಲಾಡಿಸದೆ ಇಟ್ಟುಕೊಂಡಿದ್ದೇನೆ. ಸರಿ ತಾನೇ?

ಉಲ್ಟಾ! ಅಲ್ಲಾಡಿಸದಿದ್ದರೆ ರಕ್ತ ನಿಧಾನವಾಗುತ್ತದೆ, ಭುಜವೂ ಹಿಡಿದುಕೊಳ್ಳುತ್ತದೆ. ನಾಲ್ಕರಿಂದ ಆರು ವಾರ ಮೊಣಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು ಅಂದಿರುತ್ತಾರೆ, ಅಷ್ಟೇ. ಅದು ತಂತಿ ಜಾರದಿರಲಿ ಅಂತ. ಬಾವಿಯಿಂದ ನೀರು ಸೇದುವುದು, ದೋಟಿ ಹಿಡಿದು ಕಾಯಿ ಕೀಳುವುದು, ಮೇಲಿನ ತಂತಿಗೆ ಬಟ್ಟೆ ಒಣಗಿಸುವುದು ಬೇಡ. ಊಟ ಕಲಸುವುದು, ತರಕಾರಿ ಹೆಚ್ಚುವುದು, ಪೇಪರ್ ಓದುವುದು, ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚಿ ಚಾಚುವುದು ಮೊದಲ ದಿನದಿಂದಲೇ ಬೇಕು. ಜೋಳಿಗೆ ಕಟ್ಟಿ ಕೈ ತೂಗುಹಾಕಿಕೊಂಡು ತಿಂಗಳು ಕಳೆದವರನ್ನು ನೋಡಿದ್ದೇನೆ. ಹೃದಯ ಸರಿಯಾಗಿ ಬಡಿಯುತ್ತಿತ್ತು, ಜುಟ್ಟು ಕಟ್ಟಿಕೊಳ್ಳಲು ಕೈ ಏಳುತ್ತಿರಲಿಲ್ಲ.

ಡಾಕ್ಟರ್ ಹತ್ತಿರ ಹೋಗುವಾಗ ಏನೇನು ಒಯ್ಯಬೇಕು?

ಪೇಸ್‌ಮೇಕರ್ ಜೊತೆ ಕೊಟ್ಟ ಕಾರ್ಡ್. ಅದರಲ್ಲಿ ಯಂತ್ರದ ಮಾಡೆಲ್, ತಂತಿಗಳ ನಂಬರ್, ಹಾಕಿದ ತಾರೀಖು ಇರುತ್ತದೆ. ಕಾರ್ಡಿನ ಫೋಟೋ ಮಗನ ಮೊಬೈಲಿನಲ್ಲಿದ್ದರೆ ಸಾಲದು, ಮಗ ಬೆಂಗಳೂರಿನಲ್ಲಿರುತ್ತಾನೆ. ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್, ಸಿಕ್ಕರೆ ಆಪರೇಷನ್ ಆದ ಮೇಲಿನ ಎಕ್ಸ್‌ರೇ. ಕೈಯ ಊತ ಶುರುವಾದ ದಿನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಳೆ ಬಿಗಿಯಾಗುವ ಮುಂಚೆ ತೆಗೆದಿಡಿ. ನಮ್ಮ ಕ್ಲಿನಿಕ್ಕಿನಲ್ಲಿ ಬಳೆ ಕತ್ತರಿಸುವ ಇಕ್ಕಳ ಇದೆ, ಆದರೆ ಚಿನ್ನದ ಬಳೆ ಕತ್ತರಿಸುವಾಗ ಅಜ್ಜಿಯರ ಬಿಪಿ ಏರುವುದನ್ನು ನೋಡಲು ನನಗೆ ಇಷ್ಟವಿಲ್ಲ.